ಅವ್ವನ ಜಪಸರ
ನನ್ನವರಿಗೆ ದೇವರಲ್ಲಿ ನಂಬಿಗೆ ಇಲ್ಲ. ಜೇವರ್ಗಿಯಲ್ಲಿ ಇಬ್ಬರೂ ಶಿಕ್ಷಕರಾಗಿದ್ದಾಗ ರಿಜಿಸ್ಟರ್ ಮದುವೆಯಾದೆವು. ಧರ್ಮಸಭೆಯ ಅನುಮತಿ ಕೇಳಿರಲಿಲ್ಲ, ಪರಮಪ್ರಸಾದ ತಪ್ಪಿತು. ಅವರೆಂದೂ ತಡೆದವರಲ್ಲ. ನಾನೇ ನಾಚಿ ಇಪ್ಪತ್ತೆರಡು ವರ್ಷ ಪೂಜೆಗೆ ಹೋಗಲಿಲ್ಲ.

ಅವ್ವ ತೀರಿಕೊಂಡ ಮೇಲೆ ಅವಳ ಜಪಸರ ನನ್ನ ಪಾಲಿಗೆ ಬಂತು. ಮಣಿ ಹಿಡಿದರೆ ಮರೆತ ಪ್ರಾರ್ಥನೆ ತಾನಾಗಿ ಬಾಯಿಗೆ ಬಂತು. ಕಲಬುರಗಿಗೆ ಹೋಗಿ ಗುರುಗಳನ್ನು ಕಂಡೆ.

"ಅವರು ಜ್ಞಾನಸ್ನಾನ ಪಡೆಯಬೇಕಿಲ್ಲ, ಟೀಚರ್. 1983ರ ಧರ್ಮಸಭೆಯ ಕಾನೂನಿನಂತೆ ವಿಶ್ವಾಸ ಬಿಡುವುದಿಲ್ಲವೆಂದು ಮಾತು ಕೊಡಬೇಕಾದವರು ನೀವು, ಅವರಿಗದು ತಿಳಿದಿರಬೇಕು. ಧರ್ಮಾಧ್ಯಕ್ಷರ ಅನುಮತಿ ಕೇಳೋಣ" ಎಂದರು.

ಮನೆಯಲ್ಲಿ ಹೇಳಲು ನನಗೆ ಎರಡು ದಿನ ಬೇಕಾಯಿತು.

"ನನ್ನ ಬಾಯಿಲೆ ಸುಳ್ಳ ಹೇಳಸದಿದ್ರ ಬರ್ತೀನಿ" ಎಂದರು.

ಬಂದರು. ಇಬ್ಬರು ಸಾಕ್ಷಿಗಳ ಮುಂದೆ ನನ್ನನ್ನು ಮತ್ತೆ ಒಪ್ಪಿಕೊಂಡರು. ಪ್ರಾರ್ಥನೆಗೆ ಕೈ ಮುಗಿಯಲಿಲ್ಲ. ಮುಗಿಯಿರೆಂದು ನಾನೂ ಕೇಳಲಿಲ್ಲ.