ನೋಟದ ಹಕ್ಕು

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಶರತ್ಕಾಲ ಬಂತೆಂದರೆ, ಬಣ್ಣಕ್ಕೆ ತಿರುಗಿದ ಎಲೆಗಳನ್ನು ನೋಡುವುದಕ್ಕೆಂದೇ ಪಟ್ಟಣವಾಸಿಗಳು ಹಳ್ಳಿಗಾಡಿಗೆ ಹೊರಡುತ್ತಾರೆ. 2023ರ ಅಕ್ಟೋಬರ್ ಎರಡನೆಯ ವಾರದಲ್ಲಿ ನಾನು ಬಾಸ್ಟನ್ ನಗರದ ಮಗಳ ಮನೆಯಲ್ಲಿದ್ದಾಗ ಅಳಿಯಂದಿರು ಎರಡು ದಿನದ ಬಿಡುವು ಮಾಡಿಕೊಂಡರು. ಎರಡೂವರೆ ಗಂಟೆಯ ಹಾದಿ ಕ್ರಮಿಸಿ ವರ್ಮಾಂಟ್ ರಾಜ್ಯದ ವುಡ್‌ಸ್ಟಾಕ್ ಎಂಬ ಸಣ್ಣ ಊರನ್ನು ಸೇರಿದೆವು.

ಹಗಲು ಕಿರಿದಾಗಿ ರಾತ್ರಿ ತಂಪೇರಿದಂತೆ ಎಲೆಯ ಹಸಿರು ಕರಗತೊಡಗುತ್ತದೆ. ಹಳದಿ ಹೊಸದಾಗಿ ಬಂದುದಲ್ಲ. ಬೇಸಿಗೆಯುದ್ದಕ್ಕೂ ಹಸಿರಿನ ಮರೆಯಲ್ಲಿದ್ದುದೇ ಈಗ ಕಾಣುತ್ತದೆ. ಮೇಪಲ್ ಮರದ ಕೆಂಪಾದರೋ ಆ ಕೆಲವು ವಾರಗಳಲ್ಲಿಯೇ ಹುಟ್ಟುವಂಥದು. ಎಲೆಯನ್ನು ಕಳಚುವ ಮೊದಲು ಮರವು ಅದರಲ್ಲಿರುವ ಸಾರಜನಕದ ಬಹುಭಾಗವನ್ನು ಹಿಂದಕ್ಕೆ ಪಡೆದುಕೊಳ್ಳುತ್ತದೆ. ವರ್ಷಾಂತ್ಯದಲ್ಲಿ ಬಾಕಿ ವಸೂಲು ಮಾಡುವ ಅಂಗಡಿಕಾರನು ನನಗೆ ಅಲ್ಲಿ ನೆನಪಾದುದು ವೃತ್ತಿಯ ಪ್ರಭಾವವಿರಬೇಕು.

ಪಕ್ಕದ ಊರು ಪಾಮ್‌ಫ್ರೆಟ್. ಅಲ್ಲಿಯ ಕ್ಲೌಡ್‌ಲ್ಯಾಂಡ್ ರಸ್ತೆಯ ಬದಿಯ ಒಂದು ಖಾಸಗಿ ತೋಟದ ಮನೆಯ ಚಿತ್ರವು ಮೊಬೈಲ್‌ಗಳಲ್ಲಿ ಹರಿದಾಡಿ, ಜನ ಮುತ್ತತೊಡಗಿದರು. ಬಂದವರು ಬೇಲಿ ದಾಟಿದರು. ಚಿತ್ರಕ್ಕಾಗಿ ಉಡುಪು ಬದಲಿಸಲು ಮರೆ ಕಟ್ಟಿದರು. ಕಿರಿದಾದ ರಸ್ತೆಯಲ್ಲಿ ಕಾರುಗಳನ್ನು ನಿಲ್ಲಿಸಿದರು. ಬಹಿರ್ದೆಸೆಗೂ ರಸ್ತೆಯಂಚನ್ನೇ ಬಳಸಿದರು. ಕೊನೆಗೆ ಊರಿನ ಆಡಳಿತವು ಆ ವರ್ಷದ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 15ರವರೆಗೆ ಹೊರಗಿನವರಿಗೆ ಆ ರಸ್ತೆಯನ್ನು ಮುಚ್ಚಿತು. ರಸ್ತೆ ಸಾರ್ವಜನಿಕವಾದುದೇ, ಆದರೂ ಆ ಕ್ರಮ ನ್ಯಾಯವೆಂದೇ ನನ್ನ ಮತ.

ಮೊಮ್ಮಗನಿಗೆ ಇದು ಒಪ್ಪಿಗೆಯಾಗಲಿಲ್ಲ. "ಅಜ್ಜಾ, ನಾವು ನೋಡುತ್ತೇವೆ ಅಷ್ಟೆ. ಏನನ್ನೂ ತೆಗೆದುಕೊಳ್ಳುವುದಿಲ್ಲವಲ್ಲ?" ಎಂದ. ಪ್ರಶ್ನೆ ಸಣ್ಣದಲ್ಲ. ಅಸ್ತೇಯವೆಂದೊಡನೆ ನಾವು ಎಣಿಸುವುದು ವಸ್ತುಗಳನ್ನು: ಹಣ, ಧಾನ್ಯ, ತೂಕದಲ್ಲಿ ಕಡಿತ. ಮನೆಯವರ ನೆಮ್ಮದಿಗೆ ತೂಕವಿಲ್ಲ, ಬಿಲ್ಲು ಇಲ್ಲ. ಆದುದರಿಂದ ಅದು ನಮ್ಮ ಖಾತೆಯಲ್ಲಿ ಖರ್ಚಾಗಿ ಬೀಳುವುದೇ ಇಲ್ಲ. ಒಬ್ಬನು ನಿಂತು ನೋಡಿದರೆ ಯಾರಿಗೂ ನಷ್ಟವಿಲ್ಲ, ನಿಜ. ಆದರೆ ಸಾವಿರ ಜನರಲ್ಲಿ ಪ್ರತಿಯೊಬ್ಬನೂ ತಾನು ಒಬ್ಬನೇ ಎಂದುಕೊಂಡು ಬರುತ್ತಾನೆ. ಹುಡುಗನಿಗೆ ಇಷ್ಟು ಹೇಳಿದೆ. ಅವನು ಪೂರ್ತಿ ಒಪ್ಪಿದನೆಂದು ಹೇಳಲಾರೆ.

ನಾವು ಆ ಎರಡು ದಿನಗಳನ್ನು ವುಡ್‌ಸ್ಟಾಕಿನ ಮೌಂಟ್ ಟಾಮ್ ಗುಡ್ಡದಲ್ಲಿ ಕಳೆದೆವು. ಕುರಿಸಾಕಣೆ ಮತ್ತು ಮರಕಡಿತದಿಂದ ವರ್ಮಾಂಟಿನ ಗುಡ್ಡಗಳು ಬೋಳಾಗಿದ್ದ 19ನೆಯ ಶತಮಾನದಲ್ಲಿ ಫ್ರೆಡರಿಕ್ ಬಿಲ್ಲಿಂಗ್ಸ್ ಎಂಬ ಧನಿಕರು ಇಲ್ಲಿ ಸಸಿಗಳನ್ನು ನೆಡಿಸಿ, ಕುದುರೆಗಾಡಿಯ ದಾರಿಗಳನ್ನು ಮಾಡಿಸಿದರು. ಅವರ ಮೊಮ್ಮಗಳು ಮೇರಿ ಹಾಗೂ ಪತಿ ಲಾರೆನ್ಸ್ ರಾಕ್‌ಫೆಲ್ಲರ್ ಇದನ್ನು ರಾಷ್ಟ್ರಕ್ಕೆ ದಾನವಿತ್ತು, 1992ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಒಳಗೆ ನಡೆಯಲು ಶುಲ್ಕವಿಲ್ಲ. ಕೊಟ್ಟವರು ಮನಸಾರೆ ಕೊಟ್ಟುದನ್ನು ಸಂಕೋಚವಿಲ್ಲದೆ ಅನುಭವಿಸಬಹುದು.

ಗುಡ್ಡದ ನಡುವೆ ಪೋಗ್ ಎಂಬ ಕೊಳವಿದೆ. ಅದರ ದಂಡೆಯಲ್ಲಿ ಬಹಳ ಹೊತ್ತು ಕುಳಿತೆವು. ಆ ದಿನಗಳಲ್ಲಿ ಆರೂಕಾಲಿಗೆಲ್ಲ ಸೂರ್ಯಾಸ್ತವಾಗುವುದರಿಂದ ಮಗಳು ಬುತ್ತಿಯನ್ನು ಐದು ಗಂಟೆಗೇ ಬಿಚ್ಚಿದಳು.