ಪುಟ್ಟಿಯ ಕ್ಯಾಮೆರಾ, ತಾತನ ಅವಸರ

ದಸರಾ ರಜೆಗೆ ಮೊಮ್ಮಗಳು ಹೊಸಪೇಟೆಯ ನಮ್ಮ ಮನೆಗೆ ಬಂದಿದ್ದಳು. ಜೊತೆಗೆ ಅವಳಪ್ಪನ ಡಿಜಿಟಲ್ ಕ್ಯಾಮೆರಾ. ಒಂದು ಬೆಳಿಗ್ಗೆ ಮೂವರೂ ಬಸ್ಸು ಹತ್ತಿ ಹಂಪಿಗೆ ಹೋದೆವು. ರಥಬೀದಿಯಲ್ಲಿ ಅಜ್ಜಿಯನ್ನು ನಿಲ್ಲಿಸಿ, ಹಿಂದೆ ವಿರೂಪಾಕ್ಷನ ಗೋಪುರ ಬರುವಂತೆ ಪುಟ್ಟಿ ಫೋಟೊ ತೆಗೆಯಲು ಸಿದ್ಧಳಾದಳು.

ನಾನು ಕ್ಯಾಮೆರಾದ ಪರದೆಯನ್ನು ಇಣುಕಿ ನೋಡಿದೆ. ಅಜ್ಜಿಯ ಮುಖ ಸ್ಪಷ್ಟ. ಗೋಪುರ ಮಾತ್ರ ಮಂಜು ಮಂಜು. "ಏನೇನೋ ತಿರುಗಿಸಿ ಕೆಡಿಸಿದ್ದೀಯ, ಕೊಡು ಇಲ್ಲಿ!" ಎಂದು ಗದರಿಬಿಟ್ಟೆ. ಅವಳ ಕಣ್ಣು ತುಂಬಿತು. ಆದರೂ ಕ್ಯಾಮೆರಾ ಬಿಡದೆ ಗುಂಡಿ ಒತ್ತಿಯೇಬಿಟ್ಟಳು. ಬಂದ ಚಿತ್ರದಲ್ಲಿ ಗೋಪುರದ ಒಂಬತ್ತು ಅಂತಸ್ತುಗಳನ್ನೂ ಎಣಿಸಬಹುದಿತ್ತು!

"ಇದು ಹೇಗಮ್ಮಾ?" ಎಂದೆ. ಮೂಗೊರೆಸಿಕೊಳ್ಳುತ್ತಲೇ ಪುಟ್ಟಿ ಪಾಠ ಶುರು ಮಾಡಿದಳು.

"ತಾತ, ಲೆನ್ಸಿನೊಳಗೆ ತೆಳು ರೆಕ್ಕೆಗಳು ಸೇರಿ ಒಂದು ಕಿಂಡಿಯಾಗಿದೆ. ಅದೇ ಅಪರ್ಚರ್. ನಮ್ಮ ಕಣ್ಣಪಾಪೆಯ ಹಾಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಕಿಂಡಿ ದೊಡ್ಡದಾದರೆ ಬೆಳಕು ಹೆಚ್ಚು, ಆದರೆ ಫೋಕಸ್ ಮಾಡಿದ ದೂರದಲ್ಲಿರುವುದಷ್ಟೇ ಸ್ಪಷ್ಟ. ಚಿಕ್ಕದಾದರೆ ಹತ್ತಿರದ್ದೂ ದೂರದ್ದೂ ಸ್ಪಷ್ಟ. ನಾನು ಎಫ್ 11 ಇಟ್ಟಿದ್ದೆ, ಅಂದರೆ ಚಿಕ್ಕ ಕಿಂಡಿ. ಆದರೆ ಗುಂಡಿ ಒತ್ತುವವರೆಗೆ ಈ ಕ್ಯಾಮೆರಾ ಕಿಂಡಿಯನ್ನು ಪೂರ್ತಿ ತೆರೆದೇ ಇಡುತ್ತದೆ. ಬೆಳಕು ಚೆನ್ನಾಗಿದ್ದರೆ ಫೋಕಸ್ ಮಾಡಲು ಸುಲಭ. ಒತ್ತಿದ ಕ್ಷಣ ರೆಕ್ಕೆಗಳು ಮುಚ್ಚಿಕೊಂಡು ಚಿತ್ರ ಸೆರೆಯಾಗುತ್ತದೆ, ಮತ್ತೆ ತೆರೆಯುತ್ತವೆ."

ಎಲ್ಲ ಕ್ಯಾಮೆರಾಗಳೂ ಹೀಗಲ್ಲವಂತೆ. ಕೆಲವು ಮೊದಲೇ ಕಿಂಡಿಯನ್ನು ಕಿರಿದು ಮಾಡಿ, ಪರದೆಯ ಬೆಳಕನ್ನು ಹೆಚ್ಚಿಸಿ ತೋರಿಸುತ್ತವೆ. ಪುಟ್ಟಿಯ ಕ್ಯಾಮೆರಾದಲ್ಲಿ ಲೆನ್ಸಿನ ಪಕ್ಕ ಒಂದು ಪುಟ್ಟ ಗುಂಡಿಯಿತ್ತು. ಅದನ್ನು ಅದುಮಿ ಹಿಡಿದಳು. ರೆಕ್ಕೆಗಳು ಮುಚ್ಚಿ, ಪರದೆಯಲ್ಲೂ ಗೋಪುರ ತಿಳಿಯಾಯಿತು!

ಆಮೇಲೆ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆಗೆ ಅವಳನ್ನು ಕರೆದೊಯ್ದೆ. ಗೋಡೆಯ ಮೇಲೆ ಅದೇ ಗೋಪುರ, ತಲೆಕೆಳಗಾಗಿ! ಲೆನ್ಸಿಲ್ಲ, ಬ್ಯಾಟರಿಯಿಲ್ಲ, ಎದುರಿಗೊಂದು ಸಣ್ಣ ಕಿಂಡಿ ಅಷ್ಟೆ. ಬೆಳಕು ನೇರವಾಗಿ ಸಾಗುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮೂಡುತ್ತದೆ. ಪುಟ್ಟಿ ಬೆರಗಾಗಿ ನೋಡಿ, "ತಾತ, ಈ ಕಿಂಡಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಇಲ್ಲಿ ಕಂಡದ್ದೇ ಚಿತ್ರ" ಎಂದಳು.

"ನಾನು ಪರದೆ ನೋಡಿ ಅವಸರಪಟ್ಟೆ. ತಪ್ಪಾಯಿತು ಪುಟ್ಟಿ" ಎಂದೆ. ಕತ್ತಲಲ್ಲೇ ಅವಳು ನನ್ನ ಕೈ ಹಿಡಿದುಕೊಂಡಳು.

ಆ ಫೋಟೊ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಬಂದವರಿಗೆಲ್ಲ ಅಜ್ಜಿ ತೋರಿಸುತ್ತಾಳೆ: "ತೆಗೆದವಳು ನನ್ನ ಮೊಮ್ಮಗಳು, ಬೈದವರು ಇವರು!"