ಹುಂಜವೋ, ಹೇಂಟೆಯೋ?

ಜತ್ತ ತಾಲೂಕಿನ ನಮ್ಮ ಹಳ್ಳಿಯ ಮನೆಯ ಹಿತ್ತಲಲ್ಲಿ ಕೋಳಿಗಳಿಲ್ಲದ ದಿನವನ್ನು ನಾನು ಕಂಡಿಲ್ಲ. ಮಳೆ ಕೈಕೊಟ್ಟು ಜೋಳ ಒಣಗಿದ ವರ್ಷಗಳಲ್ಲಿ ಉಪ್ಪು, ಎಣ್ಣೆಯ ಖರ್ಚನ್ನು ನನ್ನ ಅಜ್ಜಿ ತತ್ತಿ ಮಾರಿದ ದುಡ್ಡಿನಿಂದಲೇ ತೂಗಿಸುತ್ತಿದ್ದಳು. ಆದುದರಿಂದ, ಕಾವಿಗೆ ಕೂತ ಕೋಳಿಯು 21 ದಿನಗಳ ತಪಸ್ಸು ಮುಗಿಸಿ ಮರಿಗಳೊಡನೆ ಬುಟ್ಟಿಯಿಂದಿಳಿದಾಗ ಮನೆಯವರೆಲ್ಲರದೂ ಒಂದೇ ಪ್ರಶ್ನೆ: ಇವುಗಳಲ್ಲಿ ಹೇಂಟೆಗಳೆಷ್ಟು?

ಅಜ್ಜಿಯ ಬಳಿ ಉತ್ತರಗಳಿಗೆ ಬರವಿರಲಿಲ್ಲ. ಚೂಪಾದ ತತ್ತಿಯಿಂದ ಹುಂಜ, ದುಂಡಾದುದರಿಂದ ಹೇಂಟೆ. ದಾರಕ್ಕೆ ಪೋಣಿಸಿದ ಸೂಜಿಯನ್ನು ತತ್ತಿಯ ಮೇಲೆ ಇಳಿಬಿಟ್ಟರೆ ಅದು ತೂಗುವ ರೀತಿಯೇ ಹೇಳುತ್ತದೆ. ಕಾಲು ಹಿಡಿದು ತಲೆಕೆಳಗೆ ಮಾಡಿದಾಗ ಕತ್ತೆತ್ತುವ ಮರಿ ಹುಂಜ. ದೊಡ್ಡವಳಾದ ಮೇಲೆ ನಾನು ಇವನ್ನೆಲ್ಲ ಗುರುತು ಹಾಕಿಟ್ಟು ಪರೀಕ್ಷಿಸಿದೆ. ಸುಮಾರು ಅರ್ಧ ಸರಿ ಬಂದವು, ಅರ್ಧ ತಪ್ಪಿದವು. ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಅರ್ಧ ಹೆಣ್ಣು ಇರುವಾಗ ಕಣ್ಣು ಮುಚ್ಚಿ ಹೇಳಿದರೂ ಫಲ ಅಷ್ಟೇ ಅಲ್ಲವೇ?

ನಂಬಬಹುದಾದ ಗುರುತುಗಳು ನಿಧಾನವಾಗಿ ಬರುತ್ತವೆ. ಐದಾರು ವಾರಗಳಾಗುವ ಹೊತ್ತಿಗೆ ಹುಂಜಮರಿಯ ಜುಟ್ಟು ಎದ್ದು ಕೆಂಪೇರತೊಡಗುತ್ತದೆ. ಹೇಂಟೆಯದು ಇನ್ನೂ ಚಿಕ್ಕದು, ಮಂಕು ಬಣ್ಣದ್ದು. ಹುಂಜದ ಕಾಲು ದಪ್ಪ. ಮೂರು ತಿಂಗಳ ಸುಮಾರಿಗೆ ಬಾಲದ ಬುಡದ ಎರಡು ಬದಿಗೆ ನೀಳವಾದ, ಚೂಪು ತುದಿಯ, ಹೊಳೆಯುವ ಗರಿಗಳು ಇಳಿಬಿದ್ದರೆ ಅದು ಹುಂಜವೇ. ಹೇಂಟೆಯ ಗರಿಯ ತುದಿ ದುಂಡು. ರೆಕ್ಕೆಯ ಗರಿ ನೋಡಿ ಮೊದಲ ದಿನವೇ ಹೇಳುವ ವಿದ್ಯೆಯುಂಟು. ಆದರೆ ಅದು ಅದಕ್ಕೆಂದೇ ಬೆಳೆಸಿದ ತಳಿಗಳಿಗೆ ಸಲ್ಲುತ್ತದೆ, ನಮ್ಮ ನಾಟಿ ಕೋಳಿಗಲ್ಲ. ಮರಿಯ ಗುದದ್ವಾರವನ್ನು ಬಿಡಿಸಿ ನೋಡುವ ಕ್ರಮವನ್ನು 1920ರ ದಶಕದಲ್ಲಿ ಜಪಾನಿನ ಮಸುಯಿ, ಹಾಶಿಮೊಟೊ ಎಂಬ ವಿಜ್ಞಾನಿಗಳು ರೂಪಿಸಿದರು. ಅದಕ್ಕೆ ಬಹುಕಾಲ ಪಳಗಿದ ಕೈ ಬೇಕು. ಪಳಗದ ಕೈಯಲ್ಲಿ ಮರಿಯ ಕರುಳಿಗೇ ಅಪಾಯ.

ಈ ವಿದ್ಯೆಗೆ ಇನ್ನೊಂದು ಮುಖವಿದೆ. ತತ್ತಿಗಾಗಿಯೇ ಕೋಳಿ ಸಾಕುವ ದೊಡ್ಡ ಉದ್ಯಮದಲ್ಲಿ ಗಂಡೆಂದು ಗೊತ್ತಾದ ಮರಿಗೆ ಆ ದಿನವೇ ಕೊನೆಯ ದಿನ. ಜರ್ಮನಿ ದೇಶವು 2022ರಿಂದ ಅದನ್ನು ನಿಷೇಧಿಸಿತು. ಅದನ್ನು ಓದಿದಾಗ ನನಗೆ ನೆನಪಾದುದು ಕೋಳಿಯಲ್ಲ, ನನ್ನ ಅವ್ವ.

ಅವ್ವ ಮೂರು ಹೆಣ್ಣು ಹೆತ್ತವಳು, ಮೂರನೆಯವಳು ನಾನು. ಹೇಂಟೆಮರಿ ಹೆಚ್ಚಾದರೆ ಲಕ್ಷ್ಮಿ ಬಂದಳೆನ್ನುತ್ತಿದ್ದ ಅಜ್ಜಿ, ನಾನು ಹುಟ್ಟಿದ ದಿನ ಬಾಣಂತಿಯ ಕೋಣೆಗೆ ಕಾಲಿಡಲಿಲ್ಲವಂತೆ. “ನಿನ್ನ ಹೊಟ್ಯಾಗ ಬರೀ ಹೆಣ್ಣ ಅದಾವೇನವಾ?” ಎಂದು ಹೊಸ್ತಿಲ ಆಚೆಯಿಂದಲೇ ಕೇಳಿದ್ದಳಂತೆ. ಅವ್ವ ಆ ಮಾತನ್ನು ಸಾಯುವವರೆಗೆ ಮರೆಯಲಿಲ್ಲ.

ಕೋಳಿಯಲ್ಲಿ ಮರಿ ಗಂಡೋ ಹೆಣ್ಣೋ ಎಂಬುದು ತಾಯಿಯ ತತ್ತಿಯಲ್ಲೇ ತೀರ್ಮಾನವಾಗುತ್ತದೆ; ಏಕೆಂದರೆ ಲಿಂಗ ನಿರ್ಣಯಿಸುವ ಜೋಡಿ ವರ್ಣತಂತುಗಳು ಹುಂಜದಲ್ಲಿ ಒಂದೇ ಬಗೆಯವು, ಹೇಂಟೆಯಲ್ಲಿ ಎರಡು ಬಗೆಯವು. ಮನುಷ್ಯರಲ್ಲಿ ಇದು ತಿರುವುಮುರುವು. ಎರಡು ಬಗೆಯವು ಇರುವುದು ಗಂಡಸಿನಲ್ಲಿ. ಅಜ್ಜಿಯ ಪ್ರಶ್ನೆ ಹಿತ್ತಲ ಕೋಳಿಗೆ ಹೊಂದುತ್ತಿತ್ತೇ ಹೊರತು ಅವ್ವನಿಗಲ್ಲ. ಕೇಳಲೇಬೇಕಾಗಿದ್ದರೆ ತನ್ನ ಮಗನನ್ನು ಕೇಳಬೇಕಿತ್ತು. ಅವನ ಕೈಯಲ್ಲಿಯೂ ಏನೂ ಇರಲಿಲ್ಲ.

ಗರ್ಭದಲ್ಲಿಯೇ ಹೆಣ್ಣನ್ನು ಗುರುತಿಸಿ ಕಳೆಯುವ ಪಿಡುಗು ಬಂದಾಗ ಅದರ ವಿರುದ್ಧ ದೇಶದಲ್ಲಿ ಮೊದಲು ಕಾನೂನು ತಂದುದು ನಾವು ನೆಲೆಸಿದ ಮಹಾರಾಷ್ಟ್ರವೇ, 1988ರಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ಕಾನೂನು 1994ರಲ್ಲಿ ಬಂತು. ಆದರೆ ಬಾಣಂತಿಯ ಹೊಸ್ತಿಲಲ್ಲಿ ನಿಂತು ಕೇಳುವ ಮಾತಿಗೆ ಯಾವ ಕಾನೂನು ತಡೆ ಹಾಕೀತು? ಅದನ್ನು ಮನೆಯವರೇ ನಿಲ್ಲಿಸಬೇಕು.

ಹೋದ ವಾರ ನಮ್ಮ ಕೆಂಪು ಕೋಳಿ ಒಂಬತ್ತು ಮರಿ ಮಾಡಿತು. ಮೊಮ್ಮಗಳು ಬುಟ್ಟಿಯ ಬಳಿ ಕುಕ್ಕರಗಾಲಲ್ಲಿ ಕೂತು, “ಇದರಾಗ ಹೇಂಟಿ ಎಷ್ಟ ಅದಾವಜ್ಜಿ?” ಎಂದಳು.

“ಇನ್ನೊಂದೆರಡು ತಿಂಗಳು ತಡಿಯವಾ, ಗೊತ್ತಾಗತೈತಿ,” ಎಂದು ಹೇಳಿ ಅವಳ ಕೈಗೆ ನುಚ್ಚಿನ ಬಟ್ಟಲು ಕೊಟ್ಟೆ. ಅವಳು ಒಂಬತ್ತು ಮರಿಗಳಿಗೂ ಸಿಗುವಂತೆ ಅಗಲವಾಗಿ ಚೆಲ್ಲಿದಳು.